ಮೂರು ಫೈಲು, ಒಂದೇ ಫಿಸಿಕ್ಸು

ಪರೀಕ್ಷೆಗೆ ರಿವಿಷನ್ ಅಂದ್ರೆ ಹಳೇ ಪ್ರಶ್ನೆಪತ್ರಿಕೆಗಳನ್ನ ಒಂದಾದ ಮೇಲೊಂದು ಬಿಡಿಸ್ತಾ ಹೋಗೋದು ಅಂತ ಮಕ್ಕಳು, ಟ್ಯೂಷನ್ ಮೇಷ್ಟ್ರುಗಳು, ಅಪ್ಪ-ಅಮ್ಮಂದಿರು ಎಲ್ಲ ಸೇರಿ ತೀರ್ಮಾನ ಮಾಡಿಬಿಟ್ಟಿದ್ದಾರೆ. ಬೇರೆ ವಿಷಯಗಳ ಬಗ್ಗೆ ನನಗೆ ಮಾತಾಡೋ ಅಧಿಕಾರ ಇಲ್ಲ. ಆದರೆ ಮೆಕ್ಯಾನಿಕ್ಸ್, ಫೀಲ್ಡ್ಸ್, ಪಾರ್ಟಿಕಲ್ ಫಿಸಿಕ್ಸ್ ಮೂರನ್ನೂ ಒಂದೇ ಪತ್ರಿಕೆಯಲ್ಲಿ ಕೇಳೋ ಪರೀಕ್ಷೆಗೆ ಈ ವಿಧಾನ ಅರ್ಧ ದಾರೀಲಿ ಕೈ ಕೊಡುತ್ತೆ ಅನ್ನೋದು ನನ್ನ ವಾದ. ಒಂದು ತಿಂಗಳಿಂದ ಇದನ್ನೇ ಮನೆಯವರ ಹತ್ತಿರ ವಾದಿಸಿ ಸುಸ್ತಾಗಿದ್ದೀನಿ. ಅದಕ್ಕೇ ಈಗ ನಿಮ್ಮ ಸರದಿ :-)

ವಿಷಯ ಏನಪ್ಪಾ ಅಂದ್ರೆ, ನಮ್ಮಕ್ಕನ ಮಗಳು ಶಾರ್ಜಾದಲ್ಲಿ ಓದ್ತಿದ್ದಾಳೆ. ಅಲ್ಲಿ ಅವಳು ತಗೊಂಡಿರೋದು ಇಂಗ್ಲೆಂಡಿನ ಪಿಯರ್ಸನ್ ಎಡೆಕ್ಸೆಲ್ ನಡೆಸುವ ಇಂಟರ್‌ನ್ಯಾಷನಲ್ ಎ ಲೆವೆಲ್. ನಮ್ಮ ಪಿಯುಸಿ ಥರಾನೇ ಅಂದುಕೊಳ್ಳಿ, ಆದರೆ ಯೂನಿಟ್ ಯೂನಿಟ್ ಆಗಿ ಬರೀಬೇಕು. ಫಿಸಿಕ್ಸಿನ ನಾಲ್ಕನೇ ಯೂನಿಟ್ಟಿನ ಹೆಸರೇ 'ಫರ್ದರ್ ಮೆಕ್ಯಾನಿಕ್ಸ್, ಫೀಲ್ಡ್ಸ್ ಅಂಡ್ ಪಾರ್ಟಿಕಲ್ಸ್'. 90 ಅಂಕ, ಒಂದೂ ಮುಕ್ಕಾಲು ಗಂಟೆ. ಜನವರಿಯಲ್ಲಿ ಬರೆದಾಗ ಅವಳಿಗೆ ಅಂದುಕೊಂಡಷ್ಟು ಬರಲಿಲ್ಲ. ಜೂನ್‌ನಲ್ಲಿ ಮತ್ತೆ ಬರೀತಾಳೆ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ಸೀಟು ಕೊಟ್ಟಿದೆ, ಆದರೆ ಫಿಸಿಕ್ಸಿನಲ್ಲಿ ಎ ಗ್ರೇಡು ಬಂದರೆ ಮಾತ್ರ ಅಂತ ಷರತ್ತು. ಭಾವ ಇಪ್ಪತ್ತು ವರ್ಷ ದುಡಿದು ಕೂಡಿಟ್ಟಿದ್ದು ಆ ಫೀಸಿಗೆ ಅಂತಲೇ. ಹಾಗಾಗಿ "ಅಂಕ ಮುಖ್ಯ ಅಲ್ಲ, ಜ್ಞಾನ ಮುಖ್ಯ" ಅಂತ ಬೆಂಗಳೂರಲ್ಲಿ ಕೂತು ಉಪದೇಶ ಮಾಡೋ ಮಾಮ ಆಗೋಕೆ ನನಗೆ ಇಷ್ಟ ಇಲ್ಲ. ಅಂಕ ಬೇಕೇ ಬೇಕು. ಅದನ್ನ ತರೋದು ಹೇಗೆ ಅನ್ನೋದರಲ್ಲೇ ಜಗಳ.

ಅವಳು ಹೋಗೋ ಟ್ಯೂಷನ್ ಸೆಂಟರಿನಲ್ಲಿ (ಹೆಸರು ಬೇಡ ಬಿಡಿ) ಮೂರು ಬಣ್ಣದ ಮೂರು ಫೈಲು ಕೊಟ್ಟಿದ್ದಾರೆ. ಹಸಿರು ಫೈಲಲ್ಲಿ ಸಂವೇಗ, ಡಿಕ್ಕಿ, ವೃತ್ತೀಯ ಚಲನೆ. ನೀಲಿಯಲ್ಲಿ ವಿದ್ಯುತ್ ಕ್ಷೇತ್ರ, ಕೆಪಾಸಿಟರ್, ಕಾಂತಕ್ಷೇತ್ರ. ಕೆಂಪಿನಲ್ಲಿ ಕ್ವಾರ್ಕ್, ಲೆಪ್ಟಾನ್, ಬೇರಿಯಾನ್. ಒಂದೊಂದು ಫೈಲಿನಲ್ಲೂ ಆ ಅಧ್ಯಾಯದ ಪ್ರಶ್ನೆಗಳನ್ನ ಹತ್ತಾರು ವರ್ಷದ ಪತ್ರಿಕೆಗಳಿಂದ ಕತ್ತರಿಸಿ ಅಂಟಿಸಿದ್ದಾರೆ. ಜೊತೆಗೆ ಮಾರ್ಕ್ ಸ್ಕೀಮಿನಿಂದ ಹೆಕ್ಕಿದ 'ಕೀವರ್ಡ್' ಪಟ್ಟಿ, ಅದಕ್ಕೆ ಲ್ಯಾಮಿನೇಷನ್ ಬೇರೆ. ನೋಡೋಕೆ ತುಂಬಾ ಚೆನ್ನಾಗಿದೆ. ತೊಂದರೆ ಏನಂದ್ರೆ ಹಸಿರು ಫೈಲು ತೆಗೆದಾಗ ಉತ್ತರ ಹಸಿರು ಸೂತ್ರದಲ್ಲೇ ಇದೆ ಅಂತ ಮಗುವಿಗೆ ಮೊದಲೇ ಗೊತ್ತಿರುತ್ತೆ. ಪರೀಕ್ಷೇಲಿ ಪ್ರಶ್ನೆಗೆ ಬಣ್ಣ ಬಳಿದಿರಲ್ಲ.

ನಮ್ಮ ಕಡೆಯ ಕಾಯಿಲೆ ಬೇರೆ, ಅದೂ ಹೇಳಿಬಿಡ್ತೀನಿ. ನಾನು ಪಿಯುಸಿ ಓದುವಾಗ ಐದು ಮಾರ್ಕಿನ ಡಿರೈವೇಷನ್‌ಗಳನ್ನ ಮಂತ್ರದ ಥರ ಬಾಯಿಪಾಠ ಮಾಡ್ತಿದ್ವಿ. ಕ್ವಾರ್ಕು ಗೀರ್ಕು ಪಾಠದಲ್ಲಿ ಇರಲೇ ಇಲ್ಲ. ಇವರಿಗೆ ಸೂತ್ರಗಳನ್ನೆಲ್ಲ ಪ್ರಶ್ನೆಪತ್ರಿಕೆಯ ಕೊನೇಲಿ ಅಚ್ಚು ಹಾಕಿ ಕೊಟ್ಟಿರ್ತಾರೆ. ಅಬ್ಬಾ ಎಷ್ಟು ಸುಲಭ ಅಂತ ನಮಗೆ ಅನ್ನಿಸುತ್ತೆ. ಆದರೆ ಸೂತ್ರ ಕೊಟ್ಟ ಮೇಲೆ ಕೇಳೋಕೆ ಉಳಿಯೋದು ಒಂದೇ: ಯಾವುದು, ಯಾಕೆ, ಎಲ್ಲಿವರೆಗೆ. ಬಾಯಿಪಾಠದವರಿಗೆ ಅಲ್ಲಿ ಜಾಗ ಇಲ್ಲ.

ಸರಿ, ಹಾಗಾದ್ರೆ ನೀನೇನು ಮಾಡಬೇಕು ಅಂತೀಯಾ ಅಂದ್ರಾ? ಫೈಲುಗಳನ್ನ ಪಕ್ಕಕ್ಕಿಟ್ಟು, ಮೂರೂ ಸೇರಿದ ಜಾಗಕ್ಕೆ ಹೋಗಿ ಅಂತೀನಿ. ಅಂಥ ಜಾಗ ಹುಡುಕೋಕೆ ಕಷ್ಟ ಏನಿಲ್ಲ. ಈ ಕಣಗಳನ್ನೆಲ್ಲ ಕಂಡುಹಿಡಿದ ಕಥೆಗಳೇ ಅಂಥ ಜಾಗಗಳು. ಯಾಕಂದ್ರೆ ಕಂಡುಹಿಡಿದವರ ಹತ್ತಿರ ಇದ್ದದ್ದೂ ಇದೇ ಮೆಕ್ಯಾನಿಕ್ಸು, ಇದೇ ಫೀಲ್ಡ್ಸು.

ಮೊದಲನೇದು ನ್ಯೂಟ್ರಾನ್. 1932, ಕೇಂಬ್ರಿಡ್ಜ್, ಜೇಮ್ಸ್ ಚಾಡ್ವಿಕ್. ಬೆರಿಲಿಯಮ್‌ಗೆ ಆಲ್ಫಾ ಕಣಗಳನ್ನ ಹೊಡೆದರೆ ಒಂದು ವಿಕಿರಣ ಹೊರಗೆ ಬರ್ತಿತ್ತು. ಅದಕ್ಕೆ ವಿದ್ಯುದಾವೇಶ ಇಲ್ಲ, ಕ್ಷೇತ್ರಗಳಲ್ಲಿ ಬಾಗಲ್ಲ, ಸೀಸದಲ್ಲೂ ತೂರಿ ಹೋಗುತ್ತೆ. ಗಾಮಾ ಕಿರಣ ಇರಬೇಕು ಅಂತ ಪ್ಯಾರಿಸ್ಸಿನಲ್ಲಿ ಜೋಲಿಯೋ-ಕ್ಯೂರಿ ದಂಪತಿ ಅಂದುಕೊಂಡಿದ್ದರು. ಆ ವಿಕಿರಣ ಹೈಡ್ರೋಜನ್ ಇರುವ ವಸ್ತುವಿಗೆ ಬಡಿದಾಗ ಪ್ರೋಟಾನ್‌ಗಳು ಗರಿಷ್ಠ ಸೆಕೆಂಡಿಗೆ 3.3 ಕೋಟಿ ಮೀಟರ್ ವೇಗದಲ್ಲಿ ಹಾರ್ತಿದ್ವು. ನೈಟ್ರೋಜನ್‌ಗೆ ಬಡಿದಾಗ ಆ ಪರಮಾಣುವಿನ ಬೀಜ ಗರಿಷ್ಠ 47 ಲಕ್ಷ ಮೀಟರ್ ವೇಗದಲ್ಲಿ. ಗಾಮಾ ಅಂತ ಇಟ್ಟುಕೊಂಡರೆ ಹೈಡ್ರೋಜನ್‌ಗೆ ಒಂದು ಶಕ್ತಿ, ನೈಟ್ರೋಜನ್‌ಗೆ ಇನ್ನೊಂದು ಶಕ್ತಿ ಬರ್ತಿತ್ತು. ತಾಳೆ ಆಗ್ತಿರಲಿಲ್ಲ.

ಚಾಡ್ವಿಕ್ ಮಾಡಿದ್ದು ಕೇರಂ ಬೋರ್ಡಿನ ಲೆಕ್ಕ. ಬರ್ತಿರೋದು ಒಂದು ಸ್ಟ್ರೈಕರ್ ಅಂತ ಇಟ್ಕೊಳ್ಳಿ, ಅದರ ತೂಕ ಗೊತ್ತಿಲ್ಲ, ವೇಗ ಗೊತ್ತಿಲ್ಲ. ಅದು 1 ತೂಕದ ಕಾಯಿಗೆ ನೇರ ಬಡಿದಾಗ ಕಾಯಿ ಎಷ್ಟು ವೇಗದಲ್ಲಿ ಹೋಯ್ತು ಗೊತ್ತು. 14 ತೂಕದ ಕಾಯಿಗೆ ಬಡಿದಾಗ ಎಷ್ಟು ಅಂತಲೂ ಗೊತ್ತು. ಸಂವೇಗ ಸಂರಕ್ಷಣೆ, ಚಲನಶಕ್ತಿ ಸಂರಕ್ಷಣೆ, ಎರಡನ್ನೂ ಬರೆದರೆ ಸ್ಟ್ರೈಕರ್‌ನ ವೇಗ ಲೆಕ್ಕದಿಂದ ಉದುರಿ ಹೋಗುತ್ತೆ. ಉಳಿಯೋದು ಇಷ್ಟೇ: ಸ್ಟ್ರೈಕರ್‌ನ ತೂಕಕ್ಕೆ 14 ಕೂಡಿಸಿ, ಅದೇ ತೂಕಕ್ಕೆ 1 ಕೂಡಿಸಿದ್ದರಿಂದ ಭಾಗಿಸಿದರೆ ಎರಡು ವೇಗಗಳ ಅನುಪಾತ ಬರಬೇಕು. 3.3 ಕೋಟಿಯನ್ನ 47 ಲಕ್ಷದಿಂದ ಭಾಗಿಸಿ ನೋಡಿ, ಹತ್ತಿರ ಹತ್ತಿರ 7. ಹಾಗಾದ್ರೆ ತೂಕ 6ರಲ್ಲಿ 7 ಭಾಗ, ಅಂದ್ರೆ ಸುಮಾರು 1.17. ಚಾಡ್ವಿಕ್‌ಗೆ ಬಂದಿದ್ದು 1.15. ಅಳತೆಯಲ್ಲಿ ಹತ್ತು ಪರ್ಸೆಂಟ್ ಹೆಚ್ಚುಕಮ್ಮಿ ಇರಬಹುದು ಅಂತ ಅವನೇ ಬರೆದಿದ್ದ. ಪ್ರೋಟಾನ್‌ನಷ್ಟೇ ತೂಕದ, ಆವೇಶ ಇಲ್ಲದ ಕಣ. ಅದಕ್ಕೆ 1935ರಲ್ಲಿ ನೊಬೆಲ್ ಬಂತು.

ಇದನ್ನ ವಿಡಿಯೋ ಕಾಲ್‌ನಲ್ಲಿ ಹೇಳಿಕೊಟ್ಟಾಗ ಪುಟ್ಟಿ ಕೇಳಿದ ಮೊದಲ ಪ್ರಶ್ನೆ, "ಮಾಮಾ, ಇದು ಸಿಲಬಸ್‌ನಲ್ಲಿ ಇದೆಯಾ?"

ಇದೆ ಮಾರಾಯ್ತಿ! ಸ್ಥಿತಿಸ್ಥಾಪಕ ಡಿಕ್ಕಿ ಹಸಿರು ಫೈಲಲ್ಲಿದೆ. ಆವೇಶ ಇಲ್ಲದ್ದು ಕ್ಷೇತ್ರದಲ್ಲಿ ಬಾಗಲ್ಲ ಅನ್ನೋದು ನೀಲಿಯಲ್ಲಿದೆ. ನ್ಯೂಟ್ರಾನ್ ಒಂದು ಬೇರಿಯಾನ್ ಅನ್ನೋದು ಕೆಂಪಲ್ಲಿದೆ. ಚಾಡ್ವಿಕ್ ಹೆಸರು ಮಾತ್ರ ಇಲ್ಲ, ಅದಕ್ಕೆ ಅಂಕವೂ ಇಲ್ಲ. ಲೆಕ್ಕ ಪೂರ್ತಿ ಬಿಡಿಸೋಕೆ ಅವಳಿಗೆ ಹಿಡಿದದ್ದು ಇಪ್ಪತ್ತೈದು ನಿಮಿಷ. ಅಷ್ಟರಲ್ಲಿ ಸಂವೇಗದ ಲೆಕ್ಕ ಮಾಡುವಾಗ ಚಿಹ್ನೆ ಎಲ್ಲಿ ತಪ್ಪುತ್ತೆ, ಚಲನಶಕ್ತಿ ಸಮೀಕರಣ ಯಾವಾಗ ಬರೀಬಾರದು, ಎಲ್ಲಾ ಮಾತಿಗೆ ಬಂತು.

ಎರಡನೇದು ನನಗೆ ಇನ್ನೂ ಇಷ್ಟ. ಅದೇ ವರ್ಷ, 1932ರ ಆಗಸ್ಟ್ 2, ಕ್ಯಾಲಿಫೋರ್ನಿಯಾದ ಕ್ಯಾಲ್‌ಟೆಕ್. ಕಾರ್ಲ್ ಆಂಡರ್ಸನ್ ಅನ್ನೋ ಇಪ್ಪತ್ತಾರರ ಹುಡುಗ ಕಾಸ್ಮಿಕ್ ಕಿರಣಗಳ ಫೋಟೋ ತೆಗೀತಿದ್ದ. ಕ್ಲೌಡ್ ಚೇಂಬರ್ ಅಂತ ಒಂದು ಪೆಟ್ಟಿಗೆ, ಅದರೊಳಗಿನ ಆವಿಯಲ್ಲಿ ಕಣ ಹಾದುಹೋದ ಕಡೆ ಹನಿಗಳ ಗೆರೆ ಮೂಡುತ್ತೆ. ಸುತ್ತ 15,000 ಗಾಸ್, ಅಂದ್ರೆ 1.5 ಟೆಸ್ಲಾ ಕಾಂತಕ್ಷೇತ್ರ. ಮಧ್ಯದಲ್ಲಿ 6 ಮಿಲಿಮೀಟರ್ ದಪ್ಪದ ಸೀಸದ ಹಲಗೆ. ಒಂದು ಫೋಟೋದಲ್ಲಿ ಗೆರೆ ಕೆಳಗೆ ಸ್ವಲ್ಪ ಬಾಗಿದೆ, ಹಲಗೆ ದಾಟಿದ ಮೇಲೆ ಮೇಲ್ಭಾಗದಲ್ಲಿ ತುಂಬಾ ಬಾಗಿದೆ.

ಈಗ ಪುಟ್ಟಿಗೆ ಗೊತ್ತಿರೋದನ್ನೇ ಹಾಕಿ ನೋಡೋಣ. ಕಾಂತಕ್ಷೇತ್ರದಲ್ಲಿ ಕಣದ ಮೇಲೆ ಬೀಳೋ ಬಲ ಬಿ ಗುಣಿಸು ಕ್ಯೂ ಗುಣಿಸು ವಿ. ಅದು ಯಾವಾಗಲೂ ಚಲನೆಗೆ ಅಡ್ಡಲಾಗಿ ಇರೋದರಿಂದ ಕಣ ವೃತ್ತದಲ್ಲಿ ತಿರುಗುತ್ತೆ. ವೃತ್ತಕ್ಕೆ ಬೇಕಾದ ಬಲ ಎಮ್ ವಿ ವರ್ಗ ಭಾಗಿಸು ಆರ್. ಎರಡನ್ನೂ ಸಮ ಮಾಡಿದರೆ ಆರ್ = ಪಿ / ಬಿಕ್ಯೂ. ತ್ರಿಜ್ಯ ದೊಡ್ಡದಿದ್ದರೆ ಸಂವೇಗ ಜಾಸ್ತಿ. ಈ ಒಂದು ಸಾಲಿನ ಎಡಕ್ಕೆ ಕಾಂತಕ್ಷೇತ್ರದ ಪಾಠ, ಬಲಕ್ಕೆ ವೃತ್ತೀಯ ಚಲನೆಯ ಪಾಠ, ಉತ್ತರ ಕಣಭೌತಶಾಸ್ತ್ರದ ಪಾಠ. ಮೂರು ಫೈಲಿಗೂ ಒಂದೇ ದಾರ.

ಸೀಸದ ಹಲಗೆ ಅಂದ್ರೆ ರಸ್ತೆಯ ಹಂಪ್ ಇದ್ದ ಹಾಗೆ, ದಾಟಿದ ಮೇಲೆ ವೇಗ ಕಮ್ಮಿ ಆಗಲೇಬೇಕು. ಮೇಲ್ಭಾಗದಲ್ಲಿ ಜಾಸ್ತಿ ಬಾಗಿದೆ, ಹಾಗಾದ್ರೆ ಅಲ್ಲಿ ಸಂವೇಗ ಕಮ್ಮಿ, ಹಾಗಾದ್ರೆ ಕಣ ಕೆಳಗಿನಿಂದ ಮೇಲಕ್ಕೆ ಹೋಗಿದೆ. ಕಾಸ್ಮಿಕ್ ಕಿರಣ ಮೇಲಿಂದ ಬರಬೇಕಲ್ವಾ ಅಂತ ಸುಮ್ಮನೆ ಊಹಿಸಿದ್ದರೆ ಇದೊಂದು ಮಾಮೂಲಿ ಎಲೆಕ್ಟ್ರಾನ್ ಅಂತ ಬರೆದು ಮುಗಿಸಬಹುದಿತ್ತು. ದಿಕ್ಕು ತಿರುಗಿದ ಕೂಡಲೇ ಫ್ಲೆಮಿಂಗ್ ಎಡಗೈ ನಿಯಮ ಆವೇಶವನ್ನೂ ತಿರುಗಿಸುತ್ತೆ. ಧನ ಆವೇಶ. ಹಾಗಾದ್ರೆ ಪ್ರೋಟಾನ್ ಇರಬಹುದಾ?

ಇಲ್ಲೇ ನೋಡಿ ಮಜಾ. ಕೆಳಗಿನ ಗೆರೆಯ ಬಾಗಿನಿಂದ ಸಂವೇಗ 63 ಎಮ್‌ಇವಿ ಭಾಗಿಸು ಸಿ, ಮೇಲಿನದರಿಂದ 23. ನೀವೇ ಹಿಂದಕ್ಕೆ ಲೆಕ್ಕ ಹಾಕಿದರೆ ತ್ರಿಜ್ಯಗಳು ಸುಮಾರು 14 ಸೆಂಟಿಮೀಟರ್ ಮತ್ತು 5 ಸೆಂಟಿಮೀಟರ್ ಅಂತ ಸಿಗುತ್ತೆ. ಮೇಲಿನ ಗೆರೆ ಪ್ರೋಟಾನಿನದು ಅಂತ ಇಟ್ಟುಕೊಂಡು ಚಲನಶಕ್ತಿ = ಪಿ ವರ್ಗ ಭಾಗಿಸು 2ಎಮ್ ಹಾಕಿ. 23ರ ವರ್ಗ 529, ಪ್ರೋಟಾನಿನ ದ್ರವ್ಯರಾಶಿ 938. ಬರೋದು 0.28 ಎಮ್‌ಇವಿ. ಅಷ್ಟು ಬಡಪಾಯಿ ಪ್ರೋಟಾನ್ ಗಾಳಿಯಲ್ಲಿ 5 ಮಿಲಿಮೀಟರ್ ಹೋಗೋ ಹೊತ್ತಿಗೆ ನಿಂತುಬಿಡುತ್ತೆ. ಫೋಟೋದಲ್ಲಿ ಗೆರೆ 5 ಸೆಂಟಿಮೀಟರಿಗಿಂತ ಉದ್ದ ಇದೆ. ಹಾಗಾಗಿ ಪ್ರೋಟಾನ್ ಅಲ್ಲ. ಎಲೆಕ್ಟ್ರಾನಿನಷ್ಟು ಹಗುರ, ಆದರೆ ಆವೇಶ ಧನ: ಪಾಸಿಟ್ರಾನ್. ಕೆಂಪು ಫೈಲಲ್ಲಿ 'ಪ್ರತಿಕಣ' ಅಂತ ಒಂದು ಡಬ್ಬಿಯೊಳಗೆ ಎರಡು ಸಾಲಲ್ಲಿ ಮುಗಿದುಹೋಗಿರೋದು ಇದೇ.

ಪಿ ವರ್ಗ ಭಾಗಿಸು 2ಎಮ್ ಅನ್ನೋದನ್ನ ತಾವೇ ಸಾಧಿಸಿ ತೋರಿಸೋಕೆ ಬರಬೇಕು ಅಂತ ಸಿಲಬಸ್ಸಿನಲ್ಲೇ ಇದೆ. ಎರಡು ಸಾಲಿನ ಕೆಲಸ, ಎಲ್ಲ ಮಕ್ಕಳೂ ಮಾಡ್ತಾರೆ. ಅದು ಯಾತಕ್ಕೆ ಬೇಕು ಅನ್ನೋದು ಮಾತ್ರ ಯಾವ ಫೈಲಲ್ಲೂ ಇಲ್ಲ. ಒಂದು ಗೆರೆ ನೋಡಿ ಇದು ಯಾವ ಕಣ ಅಲ್ಲ ಅಂತ ಹೇಳೋಕೆ ಬೇಕು!

ಇಲ್ಲೇ ಇನ್ನೊಂದು ಕೆಲಸ ಮಾಡಿಸಬಹುದು. ಅದೇ 63 ಎಮ್‌ಇವಿ ಕಣದ ವೇಗ ಕಂಡುಹಿಡಿ ಅಂತ ಹೇಳಿ. ಸಂವೇಗವನ್ನ ಎಲೆಕ್ಟ್ರಾನಿನ 0.511ರಿಂದ ಭಾಗಿಸಿದರೆ ಬೆಳಕಿನ ವೇಗದ 120 ಪಟ್ಟಿಗಿಂತ ಜಾಸ್ತಿ ಬರುತ್ತೆ. ಕ್ಯಾಲ್ಕುಲೇಟರ್ ಏನೂ ತಕರಾರು ಮಾಡಲ್ಲ, ಸುಮ್ಮನೆ ಉತ್ತರ ಕೊಡುತ್ತೆ. ಉತ್ತರ ನೋಡಿ ಬೆಚ್ಚಿ ಬೀಳೋದನ್ನ ಕಲಿಸಬೇಕು. ಆರ್ = ಪಿ / ಬಿಕ್ಯೂ ಬೆಳಕಿನ ವೇಗದ ಹತ್ತಿರವೂ ನಡೆಯುತ್ತೆ, ಆದರೆ ಪಿ = ಎಮ್‌ವಿ ಅಲ್ಲಿ ನಡೆಯಲ್ಲ, ಪಿ ವರ್ಗ ಭಾಗಿಸು 2ಎಮ್ ಕೂಡ ನಡೆಯಲ್ಲ. ಪ್ರೋಟಾನಿಗೆ ನಡೆದಿದ್ದು ಅದು ನಿಧಾನವಾಗಿದ್ದರಿಂದ. ಸೂತ್ರದ ಹಾಳೆಯಲ್ಲಿ ಈ ಗಡಿ ಎಲ್ಲಿದೆ ಅಂತ ಗೆರೆ ಎಳೆದಿರಲ್ಲ. ಒಳ್ಳೇ ಪ್ರಶ್ನೆ ಕೇಳೋರು ಕೈ ಹಾಕೋದು ಆ ಗಡಿಗೇ.

ಇನ್ನು ಕೆಂಪು ಫೈಲು. ಕಣ ಸಮೀಕರಣಗಳ ಪ್ರಶ್ನೆ ನೋಡಿದರೆ ನನಗೆ ರೇಷನ್ ಅಂಗಡಿಯ ಚೀಟಿ ನೆನಪಾಗುತ್ತೆ. ಆವೇಶ ಸರಿ ಇದೆಯಾ, ಟಿಕ್. ಬೇರಿಯಾನ್ ಸಂಖ್ಯೆ, ಟಿಕ್. ಲೆಪ್ಟಾನ್ ಸಂಖ್ಯೆ, ಕ್ರಾಸ್. 'ಆದ್ದರಿಂದ ಸಾಧ್ಯವಿಲ್ಲ.' ಮೂರು ಅಂಕ. ಈ ಪಟ್ಟಿ ಆಕಾಶದಿಂದ ಬಿದ್ದಿದ್ದು ಅನ್ನೋ ಹಾಗೆ ಕಲಿಸ್ತಾರೆ. ಪ್ರೋಟಾನ್ ಒಡೆದು ಪಾಸಿಟ್ರಾನ್ ಮತ್ತು ಆವೇಶ ಇಲ್ಲದ ಪೈ ಮೆಸಾನ್ ಆಗಬಹುದಾ ಅಂತ ಕೇಳಿದರೆ ಉತ್ತರ ಗೊತ್ತೇ ಇದೆ: ಆವೇಶ ಸರಿಯಾಗುತ್ತೆ, ಬೇರಿಯಾನ್ ಸಂಖ್ಯೆ 1ರಿಂದ 0 ಆಗುತ್ತೆ, ಆಗೋಲ್ಲ.

ಆದರೆ ನಿಜವಾಗಿಯೂ ಆಗೋಲ್ವಾ ಅಂತ ನೋಡೋಕೆ ಜನ ಭೂಮಿಯೊಳಗೆ ಇಳಿದಿದ್ದಾರೆ. ಎಲ್ಲಿ ಗೊತ್ತಾ? ನಮ್ಮ ಕೋಲಾರದ ಕೆಜಿಎಫ್‌ನಲ್ಲಿ! (ಸಿನಿಮಾದ್ದಲ್ಲ, ನಿಜವಾದ್ದು.) ಚಿನ್ನದ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ 1965ರಲ್ಲಿ ಮುಂಬೈಯ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯ ಸೇರಿ ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋಗಳ ಗುರುತು ಹಿಡಿದರು. ದಕ್ಷಿಣ ಆಫ್ರಿಕಾದ ಗಣಿಯಲ್ಲಿ ಇನ್ನೊಂದು ತಂಡಕ್ಕೂ ಅದೇ ವರ್ಷ ಸಿಕ್ಕಿತು. ಅವರ ತರ್ಕವೂ ಸರಳ. ಅಷ್ಟು ಆಳಕ್ಕೆ ಮೇಲಿಂದ ಬರೋ ಮ್ಯೂಯಾನ್‌ಗಳು ಹೆಚ್ಚುಕಮ್ಮಿ ನೇರ ಕೆಳಗೇ ಬರಬೇಕು, ಅಡ್ಡಕ್ಕೆ ಬರೋದಾದರೆ ಅಷ್ಟು ಬಂಡೆ ದಾಟೋಕಾಗಲ್ಲ. ಅಡ್ಡಕ್ಕೆ ಒಂದು ಗೆರೆ ಕಂಡರೆ ಅದು ಅಲ್ಲೇ ಪಕ್ಕದ ಬಂಡೆಯಲ್ಲಿ ನ್ಯೂಟ್ರಿನೋ ಬಡಿದು ಹುಟ್ಟಿದ್ದು. 1980ರ ದಶಕದಲ್ಲಿ ಅದೇ ಗಣಿಯಲ್ಲಿ ಕಬ್ಬಿಣದ ಹಲಗೆಗಳನ್ನ ಪೇರಿಸಿ, ನಡುವೆ ಕಣಪತ್ತೆ ಕೊಳವೆಗಳನ್ನಿಟ್ಟು ಪ್ರೋಟಾನ್ ಒಡೆಯುತ್ತಾ ಅಂತ ಕಾದರು. ಅವರಿಗೆ ಕೆಲವು ಅನುಮಾನಾಸ್ಪದ ಘಟನೆಗಳು ಕಂಡಿದ್ದವು, ಆದರೆ ಬೇರೆ ಕಡೆಯ ದೊಡ್ಡ ಪ್ರಯೋಗಗಳಲ್ಲಿ ಅದು ಖಚಿತ ಆಗಲಿಲ್ಲ. ಗಣಿ 2001ರಲ್ಲಿ ಮುಚ್ಚಿತು. ಜಪಾನಿನ ಸೂಪರ್ ಕಮಿಯೋಕಾಂಡೆ ಇವತ್ತಿಗೂ ಕಾಯ್ತಾನೇ ಇದೆ. ಒಡೆಯೋದೇ ಆದರೂ ಪ್ರೋಟಾನಿನ ಆಯಸ್ಸು 1ರ ಮುಂದೆ 34 ಸೊನ್ನೆ ಹಾಕಿದಷ್ಟು ವರ್ಷಕ್ಕಿಂತ ಜಾಸ್ತಿ ಅಂತ ಅಲ್ಲಿಯ ಫಲಿತಾಂಶ.

ಇದು ಗೊತ್ತಾದ ಮೇಲೂ ಉತ್ತರಪತ್ರಿಕೆಯಲ್ಲಿ 'ಸಾಧ್ಯವಿಲ್ಲ, ಬೇರಿಯಾನ್ ಸಂಖ್ಯೆ ಉಳಿಯುವುದಿಲ್ಲ' ಅಂತಲೇ ಬರೀಬೇಕು, ಅದರಲ್ಲಿ ಅನುಮಾನ ಬೇಡ. ಆದರೆ ಟಿಕ್ ಹಾಕೋ ಆ ಕಾಲಮ್ಮಿನ ಹಿಂದೆ ಒಂದು ಬಿಸಿ ಗಣಿ ಇದೆ, ಅಲ್ಲಿ ವರ್ಷಗಟ್ಟಲೆ ಕೂತವರಿದ್ದಾರೆ ಅಂತ ತಿಳಿದ ಮಗು ಮೂರು ಕಾಲಮ್ಮುಗಳನ್ನ ಅದಲುಬದಲು ಮಾಡಲ್ಲ. ನಮ್ಮ ಪುಟ್ಟಿ ಜನವರಿಯಲ್ಲಿ ಅದಲುಬದಲು ಮಾಡಿದ್ದಳು.

ಇದಕ್ಕೆ ಅಕ್ಕನ ಆಕ್ಷೇಪ, "ಕಥೆ ಹೇಳ್ಕೊಂಡು ಕೂತ್ರೆ ಪೇಪರ್ ಬಿಡಿಸೋದು ಯಾವಾಗ್ಲೋ?" ನ್ಯಾಯವಾದ ಪ್ರಶ್ನೆ. ಮಾರ್ಕ್ ಸ್ಕೀಮನ್ನ ನಾನು ಹೀಗಳೆಯಲ್ಲ. ಆಲ್ಫಾ ಕಣಗಳು ಚಿನ್ನದ ಹಾಳೆಯಲ್ಲಿ ಚದುರಿದ್ದರಿಂದ ಏನು ತೀರ್ಮಾನಕ್ಕೆ ಬಂದರು ಅಂತ ಕೇಳಿದಾಗ, 'ಹೆಚ್ಚಿನವು ನೇರ ಹೋದವು, ಹಾಗಾಗಿ ಪರಮಾಣು ಬಹುಪಾಲು ಖಾಲಿ' ಅನ್ನೋದನ್ನೂ, 'ತೀರಾ ಕೆಲವು 90 ಡಿಗ್ರಿಗಿಂತ ಹೆಚ್ಚು ತಿರುಗಿದವು, ಹಾಗಾಗಿ ದ್ರವ್ಯರಾಶಿ ಮತ್ತು ಆವೇಶ ಪುಟ್ಟ ಬೀಜದಲ್ಲಿ ಸೇರಿಕೊಂಡಿವೆ' ಅನ್ನೋದನ್ನೂ ಜೋಡಿ ಜೋಡಿಯಾಗಿ, ಕಂಡದ್ದು ಮತ್ತು ತೀರ್ಮಾನ ಅಂತ ಬರೆದರೇನೇ ಅಂಕ. ಎಷ್ಟೇ ಅರ್ಥ ಆಗಿದ್ದರೂ ಈ ಶಿಸ್ತು ಅಭ್ಯಾಸದಿಂದಲೇ ಬರಬೇಕು. ವೃತ್ತೀಯ ಚಲನೆಯಲ್ಲಿ 'ಕೇಂದ್ರದ ಕಡೆಗೆ ನಿವ್ವಳ ಬಲ' ಅನ್ನೋ ಮಾತು ಬಿಟ್ಟುಹೋದರೆ ಒಂದು ಅಂಕ ಹೋಯ್ತು, ಅಷ್ಟೇ.

ಹಾಗಾಗಿ ನಾನು ಕೇಳಿದ್ದು ಜೂನ್‌ವರೆಗಿನ ಭಾನುವಾರಗಳನ್ನ ಮಾತ್ರ. ಉಳಿದ ಆರು ದಿನ ಫೈಲುಗಳಿಗೇ ಇರಲಿ. ಕೊನೇ ಎರಡು ವಾರ ಪೂರ್ತಿ ಪೇಪರ್, ಅದೂ ಕತ್ತರಿಸಿ ಅಂಟಿಸಿದ್ದಲ್ಲ, ಗಡಿಯಾರ ಇಟ್ಟುಕೊಂಡು ಒಂದೂ ಮುಕ್ಕಾಲು ಗಂಟೆ ಕೂತು ಬಿಡಿಸೋ ಇಡೀ ಪೇಪರ್. ಭಾನುವಾರ ಒಂದು ಕಣ, ಒಂದು ಫೋಟೋ ಅಥವಾ ಒಂದು ಅಳತೆ. ಸೂತ್ರದ ಹಾಳೆ ಪಕ್ಕದಲ್ಲಿ ಇರಬಹುದು, ಅಧ್ಯಾಯದ ಹೆಸರು ಮಾತ್ರ ಹೇಳಲ್ಲ. ಸೈಕ್ಲೋಟ್ರಾನ್ ಒಂದು ವಾರ, ಬೀಟಾ ಕ್ಷಯದಲ್ಲಿ ಕಾಣೆಯಾದ ಶಕ್ತಿಗೆ ಪೌಲಿ 1930ರಲ್ಲಿ ಊಹಿಸಿದ ಕಣ ಒಂದು ವಾರ. ಕೆಪಾಸಿಟರ್ ಈ ಯೋಜನೆಯಲ್ಲಿ ಸರಿಯಾಗಿ ಕೂರಲಿಲ್ಲ, ಅದನ್ನ ನೀಲಿ ಫೈಲಿಗೇ ಬಿಟ್ಟಿದ್ದೀನಿ :-)

ಹೋದ ಭಾನುವಾರದ್ದು ರುದರ್‌ಫೋರ್ಡ್. 7.7 ಎಮ್‌ಇವಿ ಆಲ್ಫಾ ಕಣ ಚಿನ್ನದ ಬೀಜದ ಕಡೆ ನೇರ ಹೋದರೆ ಎಷ್ಟು ಹತ್ತಿರ ಹೋಗಿ ನಿಲ್ಲುತ್ತೆ? ಚಲನಶಕ್ತಿ ಪೂರ್ತಿ ವಿದ್ಯುತ್ ವಿಭವಶಕ್ತಿ ಆಗೋವರೆಗೆ. ಕಾಲ್ ಮುಗಿದು ಎರಡು ಗಂಟೆ ಆದಮೇಲೆ ಅವಳ ಮೆಸೇಜ್ ಬಂತು. ಹಾಳೆಯ ಫೋಟೋ, ಉತ್ತರ 3 ಗುಣಿಸು 10ರ ಘಾತ ಮೈನಸ್ 14 ಮೀಟರ್, ಯೂನಿಟ್ಟೂ ಸರಿ ಇತ್ತು. ಕೆಳಗೆ ಒಂದು ಸಾಲು: "ಮಾಮಾ, ಇದು ಬೀಜದ ಹೊರಗೇ ನಿಂತುಬಿಡ್ತು ಅಲ್ವಾ? ಒಳಗೆ ನೋಡೋಕೆ ಇನ್ನೂ ಜೋರಾಗಿ ಹೊಡೀಬೇಕಾ, ಇಲ್ಲಾ ಆವೇಶ ಕಮ್ಮಿ ಇರೋದ್ರಲ್ಲಿ ಹೊಡೆದ್ರೆ ಸಾಕಾ?"

ಎರಡೂ ಸರಿ. ಈ ಭಾನುವಾರ ಅದನ್ನೇ ಇಟ್ಕೊಂಡಿದ್ದೀವಿ.